ಬೋರಲಿಂಗನ ಎಡೆ

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಹೊಂಗನೂರಿನ ನಂಜುಂಡಯ್ಯನಿಗೆ ಅದು ಎರಡು ವರ್ಷ ಮೊದಲೇ ಬಂತು ಎಂದು ಊರು ಆಡಿಕೊಂಡಿತು. ಅಟ್ಟದ ಮೇಲೆ ಗೋಣಿಚೀಲದಲ್ಲಿ ಮಲಗಿದ್ದ ಗಿಟಾರನ್ನು ಇಳಿಸಿ, ಧೂಳು ಒರೆಸಿ, ಬೆಂಗಳೂರಿಗೆ ಹೋಗಿ ಹೊಸ ತಂತಿ ಕಟ್ಟಿಸಿಕೊಂಡು ಬಂದವನು ಹೆಂಡತಿ ಸಿದ್ದಮ್ಮನಿಗೆ ಹೇಳಿದ್ದು ಒಂದೇ ಮಾತು: ಈ ಬೆಳೆಗೆ ರೇಷ್ಮೆ ಹುಳ ಬೇಡ, ಹುಳದ ಮನೆ ನಮಗೆ ಬೇಕು.

ನಮಗೆ ಅಂದರೆ 'ಕಣ್ವ ಬೀಟ್ಸ್' ತಂಡಕ್ಕೆ. ಈಗಿನ ಹುಡುಗರಿಗೆ ಆ ಹೆಸರು ಗೊತ್ತಿಲ್ಲ. ಎಂಬತ್ತರ ಆಚೀಚೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಗಣಪತಿ ಪೆಂಡಾಲುಗಳಲ್ಲಿ ಅವರದೇ ದರ್ಬಾರು. ಬೇರೆ ಆರ್ಕೆಸ್ಟ್ರಾಗಳು ಸಿನಿಮಾ ಹಾಡು ಹಾಡುತ್ತಿದ್ದರೆ ಇವರು ತಾವೇ ಕಟ್ಟಿದ ಹಳ್ಳಿ ಕನ್ನಡದ ಹಾಡುಗಳನ್ನು ಕರೆಂಟು ಗಿಟಾರಿಗೆ ಹೊಂದಿಸಿ ಕಿವಿ ಹರಿಯುವಂತೆ ಬಾರಿಸುತ್ತಿದ್ದರು. ಗಿಟಾರ್ ನಂಜುಂಡಯ್ಯ. ಡ್ರಮ್ಸ್ ಚನ್ನಪಟ್ಟಣದ ಬೊಂಬೆ ಕೆಲಸದ ಗಫಾರ್. ಅವನ ಕೋಲುಗಳು ಅವನದೇ ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಹತ್ತಿಸಿದವು. ಕಂಠ ನಂಜುಂಡಯ್ಯನ ತಮ್ಮ ಬೋರಲಿಂಗನದು. ಮೂವರಿಗೂ ಒಂದೇ ಬಟ್ಟೆ ತಾನಿನಿಂದ, ಒಬ್ಬನೇ ದರ್ಜಿ ಹೊಲಿದ ಕೆಂಪು ಸ್ಯಾಟಿನ್ ಅಂಗಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಕ್ಕವರೇ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು.

ಅವರ ಹಾಡುಗಳಲ್ಲಿ ಒಂದು ಜನರ ಬಾಯಲ್ಲಿ ನಿಂತಿತ್ತು. ನಂಜುಂಡಯ್ಯ ಒರಟು ದನಿಯಲ್ಲಿ "ಕದ ಬಡಿಯೋರು ಯಾರು, ಈ ಹೊತ್ತಲ್ಲಿ?" ಎಂದು ಕೇಳುತ್ತಿದ್ದ. ಬೋರಲಿಂಗ ವೇದಿಕೆಯ ಹಿಂದಿನ ಕತ್ತಲಿನಿಂದ "ನಾನೇ ಕಣವ್ವ, ಹಸ್ಕೊಂಡು ಬಂದೋನು" ಎಂದು ಉತ್ತರ ಕೊಡುತ್ತ ಬೆಳಕಿಗೆ ಬರುತ್ತಿದ್ದ. ಒಂದು ವರ್ಷ ಮಾಗಡಿಯಲ್ಲಿ ಅವನು ಕುಡಿದು ಬಂದ. ಅಣ್ಣ ಎರಡು ಸಲ ಕೇಳಿದರೂ ಉತ್ತರ ಬರಲಿಲ್ಲ. ಮೂರನೆಯ ಸಲ ನಂಜುಂಡಯ್ಯ ಗಿಟಾರು ಕೆಳಗಿಟ್ಟು, ಹಿಂದಕ್ಕೆ ಹೋಗಿ, ತಮ್ಮನನ್ನು ಜನರ ಮುಂದಕ್ಕೆ ಎಳೆದು ತಂದು ಕಪಾಳಕ್ಕೆ ಹೊಡೆದ. ಬೋರಲಿಂಗ ಕೆಂಪು ಅಂಗಿಯಲ್ಲೇ ವೇದಿಕೆ ಇಳಿದು ಹೋದವನು ಮನೆಗೆ ಬರಲಿಲ್ಲ.

ಕೆಲವು ದಿನ ಕಳೆದು ಕಣ್ವ ಜಲಾಶಯದಲ್ಲಿ ಒಂದು ಹೆಣ ತೇಲಿತು. ಮೀನು ತಿಂದ ಮುಖ ಗುರುತು ಸಿಗುವಂತಿರಲಿಲ್ಲ. ಮೈಮೇಲೆ ಕೆಂಪು ಸ್ಯಾಟಿನ್ ಅಂಗಿಯಿತ್ತು. ಅಂಥ ಅಂಗಿ ಜಿಲ್ಲೆಯಲ್ಲೇ ಮೂರು, ನಂಜುಂಡಯ್ಯನದೂ ಗಫಾರನದೂ ಅವರವರ ಮನೆಯಲ್ಲಿದ್ದವು. ಹೆಚ್ಚಿಗೆ ಯಾರೂ ಕೇಳಲಿಲ್ಲ. ಹೊಲದಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿ, ಗಿಟಾರನ್ನು ಅಟ್ಟಕ್ಕೆ ಹಾಕಿದರು.

ಸಿದ್ದಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ಬೋರಲಿಂಗ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಹುಡುಗ. ಅವಳು ಕೈತುತ್ತು ಹಾಕಿ ಬೆಳೆಸಿದವನು. ಹಾಗಾಗಿ ಅಂದಿನಿಂದ ಪ್ರತಿ ಮಾಲಯ ಅಮಾವಾಸ್ಯೆಗೆ ಮನೆಯ ಹಿರಿಯರಿಗೆ ಎಡೆ ಇಡುವಾಗ ಅವನ ಎಲೆಯ ಮೇಲೆ ಅವಳ ಕೈ ಧಾರಾಳ. ಮಾವನಿಗೊಂದು ಎಲೆ, ಮೈದುನನಿಗೊಂದು ಎಲೆ. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಬೋರಲಿಂಗನಿಗೆ ಪ್ರೀತಿಯೆಂದು ಲೋಟದಲ್ಲಿ ಒಸಿ ಬ್ರಾಂದಿ. ಎಲ್ಲರೂ ಧೂಪ ಹಾಕಿ ಅಡ್ಡಬಿದ್ದು, ಸತ್ತವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಚ್ಚಿ ಜಗುಲಿಗೆ ಬಂದು ನಿಲ್ಲಬೇಕು. ಒಳಗೆ ಹೋಗುವ ಮುಂಚೆ ಕೆಮ್ಮಿ ಸದ್ದು ಮಾಡಿ ಕೇಳಬೇಕು. ಸಿದ್ದಮ್ಮ ಕೇಳುತ್ತಿದ್ದಳು: "ಬೋರಲಿಂಗ, ಉಂಡಾಯ್ತೇನಪ್ಪ?"

ಒಳಗಿನಿಂದ ಮೆಲ್ಲಗೆ, ಬಿಡದೆ, ಏನನ್ನೋ ತಿನ್ನುವ ಸದ್ದು ಕೇಳುತ್ತಿತ್ತು. ಚಿಕ್ಕವರು ಹೆದರಿ ಸೆರಗು ಹಿಡಿಯುತ್ತಿದ್ದರು. ಸಿದ್ದಮ್ಮನಿಗೆ ಗೊತ್ತಿತ್ತು, ಅದು ನಡುಮನೆಗೆ ಅಂಟಿಕೊಂಡ ಹುಳದ ಮನೆಯಲ್ಲಿ ಹುಳಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು.

ತಂಡವನ್ನು ಮತ್ತೆ ಕಟ್ಟುವ ಹುಚ್ಚು ಹತ್ತಿಸಿದವನು ಮಗ ಮನೋಹರ್. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಜೊತೆಯವರಿಗೆ ಅಪ್ಪನ ಹಳೆಯ ಟೇಪು ಕೇಳಿಸಿದ್ದೇ ತಡ, ಇದನ್ನು ಸಿ.ಡಿ. ಮಾಡಿ ಅಂದರಂತೆ. ಗಫಾರನ ಗಡ್ಡ ಬೆಳ್ಳಗಾಗಿತ್ತು, ಮಂಡಿ ನೋವಿತ್ತು. ಆದರೂ ಕರೆದ ಮಾರನೆಯ ಬೆಳಿಗ್ಗೆಯೇ ಹೊಸ ಕೋಲು ಕಡೆದುಕೊಂಡು ಹೊಂಗನೂರಿನ ಬಸ್ಸು ಹತ್ತಿ ಬಂದ. ಟೌನಿನ ಇಬ್ಬರು ಹುಡುಗರನ್ನು ಜೊತೆಗೆ ಹಾಕಿಕೊಂಡರು. ಹುಳದ ಮನೆಯ ತಟ್ಟೆಗಳು ಹೊರಗೆ ಬಂದವು, ಡ್ರಮ್ಮು ಒಳಗೆ ಹೋಯಿತು.

ಮನೋಹರನ ಹೆಂಡತಿ ಸೌಮ್ಯ ಮುಖ ಊದಿಸಿಕೊಂಡಳು. ತೋಟದಲ್ಲಿ ಸೊಪ್ಪು ಬಲಿತು ನಿಂತಿದೆ, ಅದನ್ನು ಮೇಯುವುದಕ್ಕೆ ಹುಳವಿಲ್ಲ, ಬಂದು ಹೋಗುವವರಿಗೆಲ್ಲ ಕಾಫಿ ಕಾಯಿಸುವುದೇ ಬೆಳೆಯಾಯಿತು ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು. ಮನೋಹರ್, ಅಪ್ಪ ಇಷ್ಟು ವರ್ಷಕ್ಕೆ ನಗುತ್ತಿದ್ದಾನೆ, ಒಂದು ಬೆಳೆ ಹೋದರೆ ಹೋಗಲಿ ಎಂದ. ಸಿದ್ದಮ್ಮ ಸೊಸೆಯ ಪರವಾಗಿ ಎರಡು ಮಾತು, ಮಗನ ಪರವಾಗಿ ಎರಡು ಮಾತು ಆಡಿ ಸುಮ್ಮನಾದಳು. ನಿಜ ಹೇಳಬೇಕೆಂದರೆ ಗಂಡ ನಗುವುದನ್ನು ನೋಡಿ ಅವಳಿಗೂ ಸಂತೋಷವಾಗಿತ್ತು.

'ಮತ್ತೆ ಕಣ್ವ' ಎಂದು ಸಿ.ಡಿ.ಗೆ ಹೆಸರಿಟ್ಟರು. ಆ ಹಾಡು ಬಂದಾಗ ಮಾತ್ರ ತಕರಾರಾಯಿತು. ಬೋರಲಿಂಗನ ಸಾಲನ್ನು ಟೌನಿನ ಹುಡುಗ ಹಾಡಲಿ ಎಂದ ಮನೋಹರ್. ಗಫಾರ್ ಕೋಲು ಕೆಳಗಿಟ್ಟುಬಿಟ್ಟ.

"ಅದು ಬೋರಣ್ಣಂದು ಜಾಗ ಕಣಪ್ಪ. ಖಾಲಿನೇ ಬುಡಾಣ. ನಿಮ್ಮನೇಲಿ ಎಲೆ ಹಾಕಿ ಬಾಗ್ಲು ಮುಚ್ಚಲ್ವಾ, ಅಂಗೆ."

ಹಾಗೇ ಮಾಡಿದರು. ಕದ ಬಡಿಯೋರು ಯಾರು ಎಂದು ನಂಜುಂಡಯ್ಯ ಕೇಳಿದ ಮೇಲೆ ಎಲ್ಲ ವಾದ್ಯವೂ ನಿಂತು, ಉತ್ತರದ ಸಾಲಿನಷ್ಟು ಹೊತ್ತು ಮೌನ. ಆಮೇಲೆ ಮತ್ತೆ ಡ್ರಮ್ಮು. ಸಿ.ಡಿ.ಯ ಹೊದಿಕೆಗೂ ಪೋಸ್ಟರಿಗೂ ಹಾರ ಹಾಕಿದ ಬೋರಲಿಂಗನ ಫೋಟೋ ಹಾಕಿಸಿದರು. ಅಣ್ಣತಮ್ಮಂದಿರ ಅವ್ವ ಬೋರಮ್ಮನಿಗೆ ಕಣ್ಣು ಮಂಜು. ಪೋಸ್ಟರನ್ನು ಕೈಯಿಂದ ಸವರಿ, ಹಾರ ಯಾಕೆ ಹಾಕಿದ್ರಿ, ಮಗ ಬೆವರ್ತಾನೆ ಅಂದಳು. ಮುದುಕಿಯ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಣಪತಿ ಹಬ್ಬ ಬಂತು, ತಂಡ ಊರೂರು ಹೊರಟಿತು. ಮೊದಲು ರಾಮನಗರ. ಹಳಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದು, ಮೌನದ ಜಾಗದಲ್ಲಿ ಕಣ್ಣೊರೆಸಿಕೊಂಡರಂತೆ. ಎರಡನೆಯದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಮಿಕರ ಗಣಪತಿ. ಅಲ್ಲಿಂದ ಬಂದ ನಂಜುಂಡಯ್ಯ ಊಟಕ್ಕೆ ಕೂತು ಮುದ್ದೆ ಮುರಿಯದೆ ಹಾಗೇ ನೋಡುತ್ತಿದ್ದ.

ಏನಾಯಿತೆಂದು ಸಿದ್ದಮ್ಮ ಕೇಳಿದ್ದಕ್ಕೆ ಮಗ ಹೇಳಿದ. ಮೌನದ ಜಾಗದಲ್ಲಿ ಕಾರ್ಖಾನೆಯ ಕಾಂಪೌಂಡಿನ ಕಡೆಯಿಂದ ಯಾರೋ ಆ ಸಾಲು ಹಾಡಿದರಂತೆ. ಯಾವನೋ ಹಳೆಯ ಅಭಿಮಾನಿ ಇರಬೇಕು ಎಂದ.

"ಅಭಿಮಾನಿಯಂತೆ," ಎಂದ ನಂಜುಂಡಯ್ಯ. "ನನ್ ತಮ್ಮನ್ ಗಂಟ್ಲು ನಂಗೊತ್ತಿಲ್ವೇನ್ಲಾ? 'ಹಸ್ಕೊಂಡು' ಅನ್ನೋವಾಗ ಉಸುರು ಎಳ್ಕೋತಿದ್ದ. ಅಂಗೇ ಎಳ್ಕಂಡ."

ಕನಕಪುರದಲ್ಲೂ ಹಾಗೇ ಆಯಿತು. ಈ ಸಲ ಜನರ ಹಿಂದಿನ ಹುಣಸೆಮರದ ಕಡೆಯಿಂದ. ಮನೋಹರ್ ಬ್ಯಾಟರಿ ಹಿಡಿದು ಓಡಿದ. ಮರದ ಕೆಳಗೆ ಯಾರೂ ಇರಲಿಲ್ಲ. ಸುದ್ದಿ ಹಬ್ಬಿತು. ಸಿ.ಡಿ. ಹಾಕಿದಾಗಲೂ ಆ ಜಾಗದಲ್ಲಿ ದನಿ ಕೇಳುತ್ತದೆ ಎಂದು ಅಂಗಡಿಯವರು ಹೇಳತೊಡಗಿದರು. ಕೇಳದಿದ್ದವರೂ ಕೇಳಿತು ಅಂದರು. ಪಕ್ಕದ ಮನೆಯ ಮಾರಕ್ಕ ಬೇವಿನ ಸೊಪ್ಪು ತಂದು ಬಾಗಿಲಿಗೆ ಸಿಕ್ಕಿಸಿ, ಹೊಡೆಸಿಕೊಂಡು ಸತ್ತವನು ಹೊಡೆದವನನ್ನು ಬಿಡುವುದಿಲ್ಲ, ಮೊದಲು ಊಟ ಬಿಡಿಸ್ತಾನೆ, ಆಮೇಲೆ ನಿದ್ದೆ ಬಿಡಿಸ್ತಾನೆ ಎಂದು ಹೇಳಿ ಹೋದಳು. ಗಾಯದ ಮೇಲೆ ಬರೆ ಎಳೆಯುವುದರಲ್ಲಿ ಆಕೆಯದು ಎತ್ತಿದ ಕೈ.

ಆದರೆ ಅವಳು ಹೇಳಿದಂತೆಯೇ ಆಗುತ್ತಿತ್ತು. ನಂಜುಂಡಯ್ಯನ ಊಟ ಅರ್ಧ ಮುದ್ದೆಗೆ ಇಳಿಯಿತು. ಯಾರಾದರೂ ಚಿಲಕ ಅಲ್ಲಾಡಿಸಿದರೆ ಬೆಚ್ಚುತ್ತಿದ್ದ. ಸಿದ್ದಮ್ಮನಿಗೆ ಭಯ ಹೊಕ್ಕಿತು. ಇಷ್ಟು ವರ್ಷ ತಾನು ಎಡೆ ಇಟ್ಟು ಬೇಡಿಕೊಂಡದ್ದು ಒಂದೇ: ಅಣ್ಣನ ಮೇಲೆ ಸಿಟ್ಟು ಇಟ್ಟುಕೋಬೇಡಪ್ಪ ಎಂದು. ಉಣ್ಣುವಷ್ಟು ಉಂಡು, ಈಗ ಗಂಡನನ್ನೇ ಕರೆದುಕೊಂಡು ಹೋಗುತ್ತಾನೆಯೇ?

ಮಾಗಡಿಯ ಕಾರ್ಯಕ್ರಮಕ್ಕೆ ತಾನೂ ಬರುತ್ತೇನೆಂದು ಹೊರಟಳು. ಬೋರಮ್ಮ ಹಟ ಹಿಡಿದು ವ್ಯಾನು ಹತ್ತಿದಳು. ಹೊಡೆತ ಬಿದ್ದ ಊರು ಅದೇ, ಪೆಂಡಾಲು ಹಾಕುವ ಮೈದಾನವೂ ಅದೇ. ಅತ್ತೆ ಸೊಸೆ ಹೆಂಗಸರ ಸಾಲಿನಲ್ಲಿ ಕೂತರು. ಆ ಹಾಡು ಬಂತು. ನಂಜುಂಡಯ್ಯ ಕತ್ತಲಿನ ಕಡೆಗೇ ನೋಡುತ್ತ ಕೇಳಿದ.

"ಕದ ಬಡಿಯೋರು ಯಾರು, ಈ ಹೊತ್ತಲ್ಲಿ?"

ವಾದ್ಯಗಳು ನಿಂತವು. ಮೈದಾನವೆಲ್ಲ ಹಿಂದಕ್ಕೆ ತಿರುಗಿ ಕಾಯಿತು. ಹಿಂದೆ, ನಿಂತಿದ್ದ ಲಾರಿಗಳ ಆಚೆಗಿನ ಕತ್ತಲಿನಿಂದ ದನಿ ಬಂತು. "ನಾನೇ ಕಣವ್ವ, ಹಸ್ಕೊಂಡು ಬಂದೋನು."

ಸಿದ್ದಮ್ಮ ಅತ್ತೆಯ ಕಡೆಗೆ ಸರಿದು ಕೂತಳು. ಅದು ಅವಳು ಬೆಳೆಸಿದ ದನಿ, ಅನುಮಾನವೇ ಇಲ್ಲ. ಆದರೆ ಸವೆದಿತ್ತು, ವಯಸ್ಸಾಗಿತ್ತು. ಸತ್ತವರಿಗೆ ವಯಸ್ಸಾಗುತ್ತದೆಯೇ ಎಂದು ಅವಳಿಗೆ ತಿಳಿಯಲಿಲ್ಲ. ಬೋರಮ್ಮ ಮಾತ್ರ ಹೆದರಲಿಲ್ಲ. ಸೊಸೆಯ ಮೊಣಕೈ ಹಿಡಿದು, "ಏನೂ ತಿಂದಿಲ್ಲ ಕಣೆ ಸಿದ್ದಿ, ದನಿ ಬತ್ತೋಗದೆ," ಅಂದಳು.

ಮನೆಗೆ ಬಂದವನೇ ನಂಜುಂಡಯ್ಯ ಮಲಗಿಬಿಟ್ಟ. ದಸರೆಗೆ ಚನ್ನಪಟ್ಟಣದಲ್ಲಿ ಕೊನೆಯ ಕಾರ್ಯಕ್ರಮವಿತ್ತು. ತಾನು ಬರುವುದಿಲ್ಲ, ಗಿಟಾರನ್ನು ಅಟ್ಟಕ್ಕೆ ಹಾಕಿ ಎಂದ. ಮನೋಹರ್, ಒಪ್ಪಿಕೊಂಡ ಕಾರ್ಯಕ್ರಮ ಕೈಬಿಟ್ಟರೆ ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ ಆಗುತ್ತದೆ ಎಂದ. ಸೌಮ್ಯ, ಮಾವನ ಜೀವಕ್ಕಿಂತ ಹಾಡು ಹೆಚ್ಚಾ ಎಂದು ಗಂಡನಿಗೆ ತಿರುಗಿ ಬಿದ್ದಳು. ಇಬ್ಬರ ಮಾತು ಬೆಳೆದು, ಅಡುಗೆ ಮನೆಯಲ್ಲಿ ಸಾರು ಸೀದುಹೋಯಿತು. ಸಿದ್ದಮ್ಮ ಪಾತ್ರೆ ಇಳಿಸಿ ಹೇಳಿದಳು: ಅಮಾವಾಸ್ಯೆ ಬರಲಿ, ಎಡೆ ಇಟ್ಟು ಅವನನ್ನೇ ಕೇಳುತ್ತೇನೆ. ಏನು ಬೇಕು ಅವನಿಗೆ ಅಂತ ಬಾಯಿ ಬಿಟ್ಟು ಕೇಳುತ್ತೇನೆ.

ಅಮಾವಾಸ್ಯೆಯ ದಿನ ಬೆಳಗ್ಗೆಯಿಂದ ಅತ್ತೆ ಸೊಸೆಯರು ಒಲೆ ಬಿಟ್ಟು ಏಳಲಿಲ್ಲ. ಸೌಮ್ಯಳ ಕಜ್ಜಾಯ ಆ ಸಲ ಚೆನ್ನಾಗಿ ಉಬ್ಬಿತು. ಗಫಾರ್ ಬಾಳೆಗೊನೆ ಹಿಡಿದು ಬಂದು ಜಗುಲಿಯ ಮೇಲೆ ಕೂತ. ಪ್ರತಿ ವರ್ಷ ಬರುತ್ತಿದ್ದ, ಕೂತು ಹೋಗುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಎರಡು ಎಲೆ ಹಾಸಿ, ಒಂದರ ಮುಂದೆ ಮಾವನ ಫೋಟೋ, ಇನ್ನೊಂದರ ಮುಂದೆ ಬೋರಲಿಂಗನ ಫೋಟೋ ಇಟ್ಟು ಬಡಿಸಿದರು. ನಂಜುಂಡಯ್ಯನನ್ನು ಎಬ್ಬಿಸಿ ತಂದು ಧೂಪ ಹಾಕಿಸಿದರು. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ನಿಂತರು.

ಒಳಗಿನಿಂದ ತಿನ್ನುವ ಸದ್ದು ಬರತೊಡಗಿತು.

ಸಿದ್ದಮ್ಮ ಮೊದಲು ಗಮನಿಸಲಿಲ್ಲ. ವರ್ಷವೂ ಕೇಳುವ ಸದ್ದು. ಸೌಮ್ಯ ಬಂದು ಅವಳ ಕಿವಿಯ ಹತ್ತಿರ ಮೆಲ್ಲಗೆ, "ಅತ್ತೆ, ಈ ಸಲ ಹುಳ ಮಾಡಿಲ್ವಲ್ಲ," ಎಂದಾಗ ಬಾಗಿಲ ಕಡೆ ತಿರುಗಿದಳು. ಹುಳದ ಮನೆಯಲ್ಲಿ ಡ್ರಮ್ಮು ಬಿಟ್ಟರೆ ಏನೂ ಇಲ್ಲ. ಒಳಗೆ ಯಾರೋ ನಿಧಾನವಾಗಿ ಮೂಳೆ ಕಡಿಯುತ್ತಿದ್ದರು. ನಂಜುಂಡಯ್ಯ ಕಂಬದ ಹಿಂದಕ್ಕೆ ಸರಿದ. ಗಫಾರ್ ಬಾಯಲ್ಲೇ ಏನೋ ಪಠಿಸಿಕೊಂಡ.

ಸಿದ್ದಮ್ಮನಿಗೆ ಆಗ ಸಿಟ್ಟು ಬಂತು. ಭಯಕ್ಕಿಂತ ದೊಡ್ಡ ಸಿಟ್ಟು. ಕೈತುತ್ತು ಹಾಕಿ ಸಾಕಿದವಳ ಮನೆಯವನನ್ನೇ ಹೀಗೆ ಕೊರಗಿಸುವುದೇ? ಹೋಗಿ ಬಾಗಿಲ ಮುಂದೆ ನಿಂತು ಕೆಮ್ಮಿದಳು.

"ಬೋರಲಿಂಗ, ಉಂಡಾಯ್ತೇನಪ್ಪ?"

ಸದ್ದು ನಿಂತಿತು. "ಊಂ ಅತ್ಗಮ್ಮ," ಅಂತು ಒಳಗಿನಿಂದ. "ಸಾರ್ಗೆ ಒಸಿ ಉಪ್ಪು ಕಮ್ಮಿ."

ಅವಳು ಬಾಗಿಲು ತಳ್ಳಿದಳು. ಮಾವನ ಎಲೆಯ ಮುಂದೆ ಒಬ್ಬ ನರೆತ ತಲೆಯ ಮನುಷ್ಯ ಚಕ್ಕಲಮಕ್ಕಲ ಹಾಕಿ ಕೂತಿದ್ದ. ಮೈಮೇಲೆ ಕಾರ್ಖಾನೆಯ ಕಾವಲುಗಾರರ ನೀಲಿ ಅಂಗಿ, ಕೈಯಲ್ಲಿ ಕೋಳಿಯ ಕಾಲು. ಹುಳದ ಮನೆಯ ಹಿತ್ತಿಲ ಬಾಗಿಲು ತೆರೆದುಕೊಂಡಿತ್ತು. ಯಾರೂ ಮುಂದೆ ಹೋಗಲಿಲ್ಲ. ಬೋರಮ್ಮ ಮಾತ್ರ ಗೋಡೆ ಸವರಿಕೊಂಡು ಬಂದು ಅವನ ತಲೆ, ಕಿವಿ, ಗದ್ದ ಮುಟ್ಟಿ ನೋಡಿ, "ಬಂದ್ಬುಟ್ಟ," ಎಂದು ನೆಲದ ಮೇಲೆ ಕೂತು ಅಳತೊಡಗಿದಳು.

ಅವನು ಎಂಜಲು ಕೈಯಲ್ಲೇ ಎಲ್ಲ ಹೇಳಿದ. ಹೊಡೆಸಿಕೊಂಡ ದಿನವೇ ರಾಮನಗರದ ಸ್ಟೇಷನ್ನಿಗೆ ನಡೆದು ಹೋಗಿದ್ದ. ಆ ಅಂಗಿ ಮೈ ಸುಡುತ್ತಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಬರಿಮೈಯಲ್ಲಿ ನಡುಗುತ್ತ ಕೂತಿದ್ದ ಒಬ್ಬನಿಗೆ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲೇ ಬೆಂಗಳೂರಿಗೆ, ಅಲ್ಲಿಂದ ಬೊಂಬಾಯಿಗೆ ರೈಲು ಹತ್ತಿದ್ದ. ಮಗ್ಗದ ಕೆಲಸ, ಹೋಟೆಲ್ಲು, ಅದು ಇದು. ಸಿಟ್ಟು ಇಳಿಯುವ ಹೊತ್ತಿಗೆ ನಾಚಿಕೆ ಹತ್ತಿತ್ತು. ಈಚೆಗೆ ಹಾರೋಹಳ್ಳಿಗೆ ಕಾವಲು ಕೆಲಸಕ್ಕೆ ಬಂದವನು ಅಲ್ಲಿಂದ ಇಲ್ಲಿಗೆ ಬಸ್ಸು ಹತ್ತಲು ಧೈರ್ಯ ಮಾಡಿರಲಿಲ್ಲ. ಒಂದು ದಿನ ತಾನು ಕಾಯುವ ಗೇಟಿನ ಮೇಲೇ ತನ್ನ ಫೋಟೋ, ಅದಕ್ಕೊಂದು ಹಾರ.

"ಅವತ್ತೇ ಗೊತ್ತಾಗಿದ್ದು ನಾನು ಸತ್ತಿವ್ನಿ ಅಂತ. ಹಾಡ್ನಲ್ಲಿ ಜಾಗ ಖಾಲಿ ಬುಟ್ಟಿದ್ರಿ, ಬಾಯಿ ತಡೀನಿಲ್ಲ ಅತ್ಗಮ್ಮ. ಹಾರ ಹಾಕುಸ್ಕಂಡೋನು ಎಂಗೆ ಎದುರಿಗ್ ಬರ್ಲಿ? ಸತ್ತೋರು ಉಣ್ಣಾಕ್ ಬರೋ ದಿನ ಅಂತ ಇವತ್ತು ಹಿತ್ಲಿಂದ ಬಂದೆ."

ನಂಜುಂಡಯ್ಯ ತಮ್ಮನ ಮುಂದೆ ಬಂದು ಕೂತು ಕೆನ್ನೆ ಒಡ್ಡಿದ. "ಹೊಡಿಲಾ," ಅಂದ. ಬೋರಲಿಂಗ ಸ್ವಲ್ಪ ಹೊತ್ತು ಅಣ್ಣನ ಕೆನ್ನೆಯನ್ನೇ ನೋಡಿದ.

"ಮೂರ್ನೇ ತಂತಿ ಸ್ರುತೀಲಿಲ್ಲ ಕಣಣ್ಣ," ಅಂದ. "ಮೊನ್ನೆ ಮಾಗಡೀಲೂ ಅಂಗೇ ಬಾರುಸ್ದೆ."

ಎಲ್ಲರೂ ಒಟ್ಟಿಗೆ ಅತ್ತರು, ನಕ್ಕರು. ಗಫಾರ್ ಒಳಗೆ ಬಂದು ತಬ್ಬಿಕೊಂಡ. ಸೌಮ್ಯ ಇನ್ನಷ್ಟು ಸಾರು ತರಲು ಹೋದಳು. ಸಿದ್ದಮ್ಮ ಹಾರ ಹಾಕಿದ ಬೋರಲಿಂಗನ ಫೋಟೋವನ್ನು ಮೊದಲು ತೆಗೆಯೋಣ, ಬದುಕಿರುವವನ ಮುಂದೆ ಅಪಶಕುನ ಎಂದು ಬಗ್ಗಿದವಳು, ಬಗ್ಗಿದ ಹಾಗೇ ನಿಂತಳು. ಫೋಟೋದ ಮುಂದಿನ ಎಲೆಯೂ ಬರಿದಾಗಿತ್ತು. ಮುದ್ದೆಯ ಚೂರಿಲ್ಲ, ಕಜ್ಜಾಯದ ತುಣುಕಿಲ್ಲ. ಬ್ರಾಂದಿಯ ಲೋಟ ಖಾಲಿ.

"ಎರಡು ಎಲೆ ಊಟನೂ ಉಂಡ್ಯೇನಪ್ಪ?" ಎಂದಳು.

ಅವನು ತಲೆ ಅಲ್ಲಾಡಿಸಿದ. ಅಪ್ಪನ ಎಡೆ ಮಗ ಉಂಡರೆ ಪ್ರಸಾದ. ತನ್ನದೇ ಎಡೆಗೆ ಹೇಗೆ ಕೈ ಹಾಕಲಿ? ಅದನ್ನು ಮುಟ್ಟಿಲ್ಲ, ಆ ಕಡೆ ನೋಡಲೂ ಇಲ್ಲ. ಕುಡಿಯುವುದನ್ನಂತೂ ಮಾಗಡಿಯಲ್ಲೇ ಬಿಟ್ಟದ್ದು.

ಬೆಕ್ಕು ಬಂದಿರಬೇಕು ಎಂದ ಮನೋಹರ್. ಬೆಕ್ಕು ಬ್ರಾಂದಿ ಕುಡಿಯುವುದನ್ನು ಯಾರೂ ಕಂಡಿರಲಿಲ್ಲ. ಆಗ ಒಬ್ಬೊಬ್ಬರಿಗೂ ಒಂದೇ ವಿಷಯ ಹೊಳೆಯಿತು. ಇವನು ಇಲ್ಲಿದ್ದಾನೆ. ಹಾಗಾದರೆ ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಮಲಗಿರುವವನು ಯಾರು? ಚಳಿಗೆ ನಡುಗುತ್ತಿದ್ದವನು, ಕೆಂಪು ಅಂಗಿ ಇಸಿದುಕೊಂಡವನು. ಅವನ ಊರು ಯಾವುದೋ, ಅವನಿಗಾಗಿ ಬಾಗಿಲಲ್ಲಿ ಕಾದವರು ಯಾರೋ.

"ಯಾವ ಜನವೋ ಏನೋ," ಎಂದು ಗೊಣಗಿದ ನಂಜುಂಡಯ್ಯ. "ಹಿರೀಕರ ಪಕ್ದಲ್ಲಿ ಮಲಗ್ಸಿದೀವಿ."

ಬೋರಮ್ಮ ಅಳು ನಿಲ್ಲಿಸಿ ದೊಡ್ಡ ಮಗನ ಕಡೆ ಮುಖ ತಿರುಗಿಸಿದಳು. "ಇಪ್ಪತ್ತು ವರ್ಸ ನಮ್ಮನೇಲಿ ಉಂಡವ್ನೆ. ಈಗ ಜಾತಿ ಕೇಳ್ತೀಯೇನ್ಲಾ? ಸಿದ್ದಿ, ಇವತ್ತು ಇವನ ಗಲಾಟೇಲಿ ಆ ಮಗ ನೆಮ್ಮದಿಯಾಗಿ ಉಂಡ್ನೋ ಇಲ್ವೋ. ಇನ್ನೊಂದು ಎಲೆ ಹಾಕವ್ವ."

ಸಿದ್ದಮ್ಮ ಹೊಸ ಎಲೆ ಹಾಸಿದಳು. ಫೋಟೋ ಇಡಲಿಲ್ಲ, ಇಡುವುದಕ್ಕೆ ಇರಲಿಲ್ಲ. ಪೆಟ್ಟಿಗೆಯಿಂದ ಗಂಡನ ಹಳೆಯ ಕೆಂಪು ಅಂಗಿಯನ್ನು ತೆಗೆದು ಎಲೆಯ ಮುಂದೆ ಮಡಿಸಿಟ್ಟಳು. ಮುದ್ದೆ, ಸಾರು, ಈ ಸಲ ಉಪ್ಪು ನೋಡಿ ಹಾಕಿ, ಬಿಸಿಯಾಗಿ ಬಡಿಸಿದಳು. ಅವನಿಗೆ ಏನು ಇಷ್ಟವೋ ಗೊತ್ತಿಲ್ಲದೆ ಇಷ್ಟು ವರ್ಷ ಬೇರೆಯವನ ರುಚಿಗೆ ಬಡಿಸಿದೆನಲ್ಲ ಎಂದುಕೊಂಡು ಇನ್ನೊಂದು ಕಜ್ಜಾಯ ಇಟ್ಟಳು. ಧೂಪ ಹಾಕಿ, ಹಿತ್ತಿಲ ಬಾಗಿಲ ಅಗುಳಿ ತಾನೇ ಹಾಕಿ, ಮುಂಬಾಗಿಲು ಎಳೆದುಕೊಂಡು ಜಗುಲಿಗೆ ಬಂದಳು. ಈ ಸಲ ಬೋರಲಿಂಗನೂ ಹೊರಗೆ, ಅವ್ವನ ಪಕ್ಕದಲ್ಲಿ, ಕೈಕಟ್ಟಿಕೊಂಡು ನಿಂತಿದ್ದ.

ಬೀದಿಯ ದೀಪಗಳು ಹತ್ತಿದವು. ಸಾಕಷ್ಟು ಹೊತ್ತಾದ ಮೇಲೆ ಸಿದ್ದಮ್ಮ ಬಾಗಿಲ ಹತ್ತಿರ ಹೋಗಿ ಕೆಮ್ಮಿದಳು. ಏನೆಂದು ಕರೆಯುವುದು? ಹೆಸರು ತಿಳಿಯದು. ತಡವರಿಸಿದಳು. ಕೊನೆಗೆ ಅವನು ಇಷ್ಟು ವರ್ಷ ಯಾವ ಹೆಸರಿಗೆ ಬಂದು ಉಂಡು ಹೋಗಿದ್ದನೋ ಅದೇ ಹೆಸರು ಬಾಯಿಗೆ ಬಂತು.

"ಬೋರಲಿಂಗ, ಉಂಡಾಯ್ತೇನಪ್ಪ?"

"ಊಂ ಅತ್..." ಎಂದು ಹಿಂದೆ ನಿಂತಿದ್ದ ಮೈದುನ ಬಾಯಿ ತೆರೆದ. ಬೋರಮ್ಮ ತಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಮ್ಕಿರ್ಲಾ. ನಿನ್ನಲ್ಲ ಕೇಳಿದ್ದು."

ಸಿದ್ದಮ್ಮ ಬಾಗಿಲಿಗೆ ಕಿವಿಗೊಟ್ಟು ಕಾದಳು.